ಮೀಸೆಯ ಗೌಡ

ನನ್ನ ನೆನಪಿನಲ್ಲಿ ಆ ಹುಡುಗಿಗೆ ಮೀಸೆಯಿದೆ. ತಗಡಿನ ಮಾಡಿನ ಶಾಲೆಯ ಮುಂದೆ, ಬೆಂಚುಗಳನ್ನು ಜೋಡಿಸಿ ಮಾಡಿದ ರಂಗದ ಮೇಲೆ, ಊರಗೌಡನ ವೇಷದಲ್ಲಿ ಮೀಸೆ ತಿರುವುತ್ತಾ ನಿಂತಿದ್ದಾಳೆ; ಎದುರಿಗೆ ಜನ ಬಿದ್ದು ಬಿದ್ದು ನಗುತ್ತಿದ್ದಾರೆ. ಇದು ಸುಳ್ಳು. ನಾಟಕದ ದಿನ ಅವಳಿಗೆ ಮೀಸೆ ಇರಲಿಲ್ಲ. ಅದು ಖಚಿತವಾಗಿ ಗೊತ್ತಿದ್ದರೂ ಚಿತ್ರ ಅಳಿಸಿಹೋಗುವುದಿಲ್ಲ. ಕಾಲೇಜಿನಲ್ಲಿ ಮನಃಶಾಸ್ತ್ರ ಓದಿದವನು ನಾನು. ನೆನಪನ್ನು ನಂಬಬಾರದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಗುರುತುಕಲ್ಲುಗಳೇ ಹೆಚ್ಚು. ರಾಗಿ ಹೊಲಗಳು ಸೈಟುಗಳಾಗಿದ್ದವು; ಹೊಲದವರು ಅಂಚಿನ ಹಳ್ಳಿಯಲ್ಲಿ ಉಳಿದಿದ್ದರು. ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ನಾನು ಹೊಸ ಮೇಷ್ಟ್ರು. ಪರೀಕ್ಷೆಯಲ್ಲಿ ಫೇಲಾದ ಮಕ್ಕಳು ನಾಚಿಕೆಯಿಂದ ಮತ್ತೆ ಶಾಲೆಯ ಕಡೆ ತಲೆ ಹಾಕುತ್ತಿರಲಿಲ್ಲ. ಹುಡುಗರು ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಲ್ಲುತ್ತಿದ್ದರು, ಹುಡುಗಿಯರು ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ನಮ್ಮ ಹೆಡ್ಮೇಷ್ಟ್ರಿಗೆ ಅದೇ ಕೊರಗು. "ಬಿದ್ದದ್ದು ತಪ್ಪಲ್ಲಪ್ಪ, ಬಿದ್ದಲ್ಲೇ ಕೂತ್ಕೊಳ್ಳೋದು ತಪ್ಪು. ಏಳೋದು ಹ್ಯಾಗೆ ಅಂತ ನಾವು ಯಾವ ಪಿರಿಯಡ್ಡಿನಲ್ಲೂ ಹೇಳ್ಕೊಡಲ್ಲ" ಎನ್ನುತ್ತಿದ್ದರು. ಅವರು ಕಂಡುಕೊಂಡ ಉಪಾಯ ನಾಟಕ. ಫೇಲಾದವರಿಗೇ ಮುಖ್ಯ ಪಾತ್ರಗಳು. ಆದರೆ ಬೆಳಿಗ್ಗೆ ತರಗತಿಗೆ ಬಂದವರಿಗೆ ಮಾತ್ರ ಸಂಜೆ ತಾಲೀಮು. ನನಗೆ ನಂಬಿಕೆಯಿರಲಿಲ್ಲ. ಆದರೂ ಜಿಪುಣ ಗೌಡನೊಬ್ಬನ ಪಂಚಾಯ್ತಿಯ ಕತೆಯನ್ನು ನಗೆನಾಟಕವಾಗಿ ಬರೆದುಕೊಟ್ಟೆ.

ಆ ಹುಡುಗಿ ಬಂದದ್ದು ಗೌಡನ ಪಾತ್ರಕ್ಕಾಗಿ. ಊದುಬತ್ತಿ ಹೊಸೆದು ಹೊಸೆದು ಅವಳ ಅಂಗೈ ಕಪ್ಪಾಗಿತ್ತು. ಮೊದಲ ತಾಲೀಮಿನ ಸಂಜೆ ಕೆಲಸದ ಕೈಯಲ್ಲೇ ಓಡಿಬಂದವಳು ಬೆರಳನ್ನು ಮೂಗಿನ ಕೆಳಗೆ ಎಳೆದುಕೊಂಡಳು. ಮೀಸೆ ಮೂಡಿತು.

"ಯಾಕ್ಲಾ, ಗೌಡನ್ ಮುಂದೆ ಹಿಂಗಾ ನಿಂತ್ಕಳಾದು? ಟವಲ್ ಇಳ್ಸ್ಲಾ!" ಎಂದು ಆಳಿನ ಪಾತ್ರದ ಹುಡುಗನನ್ನು ಗದರಿದಳು.

"ಗೌಡ್ರೆ, ನಿಮ್ ಮೀಸೆ ದೇವ್ರ ಮನೆ ವಾಸ್ನೆ ಹೊಡೀತದೆ" ಎಂದ ಅವನು.

"ದೇವ್ರಂಥ ಗೌಡ ಕಣ್ಲಾ ನಾನು. ಮುಗಿ ಕೈಯ!"

ಹೆಡ್ಮೇಷ್ಟ್ರು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಅವಳು ಶಾಲೆ ತಪ್ಪಿಸಲಿಲ್ಲ. ಲೆಕ್ಕದಲ್ಲಿ ಫೇಲಾಗಿದ್ದವಳು ಲೆಕ್ಕದ ಪಾಠಕ್ಕೇ ಮುಂದಿನ ಬೆಂಚಿಗೆ ಬಂದು ಕೂತಳು. ಬೇಸಗೆಯಲ್ಲಿ ಮತ್ತೆ ಪರೀಕ್ಷೆಗೆ ಕೂರುತ್ತೇನೆ, ಪಾಸಾದರೆ ಮಲ್ಲೇಶ್ವರದ ಹೈಸ್ಕೂಲಿಗೆ ಹೋಗುತ್ತೇನೆ ಎಂದಳು. ನನ್ನ ಅನುಮಾನ ಸಡಿಲವಾಯಿತು.

ಅವಳ ತಾಯಿ ನಾಟಕಕ್ಕೆ ಒಪ್ಪಲಾರರೆಂದು ಹೆದರಿದ್ದೆವು. ಅವರೇ ಒಂದು ದಿನ ಶಾಲೆಗೆ ಬಂದರು.

"ಆಡ್ಲಿ ಸ್ವಾಮಿ, ಬ್ಯಾಡ ಅನ್ನಾಕಿಲ್ಲ. ಮೀಸೆ ಒಂದು ಬ್ಯಾಡಿ. ಸೀರೆ ಉಡೋ ಅಂಥದ್ದು ಕೊಡಿ. ಒಂದು ಹಾಡಿರ್ಲಿ. ಬಂದೋರ್ಗೆ ಹೂವು-ಗೀವು ಕೊಡೋದಿದ್ರೆ ಅವಳ ಕೈಲೇ ಕೊಡ್ಸಿ."

ಅವರು ಹೋದ ಮೇಲೆ ಹೆಡ್ಮೇಷ್ಟ್ರು ಹಿಗ್ಗಿಹೋದರು. "ನೋಡಿದ್ರಾ, ತಾಯಿಗೇ ಹುರುಪು ಬಂದಿದೆ!" ಗೌಡನ ಪಾತ್ರ ಬೇರೊಬ್ಬನಿಗೆ ಹೋಯಿತು. ಗೌಡತಿಯಾದ ಹುಡುಗಿ ಕೆಲವು ದಿನ ನಮ್ಮೊಡನೆ ಮಾತು ಬಿಟ್ಟಳು, ಆಮೇಲೆ ಹಾಡು ಕಲಿತಳು. ನಾಟಕ ಹತ್ತಿರವಾದಂತೆ ಅವಳ ಅಂಗೈಯ ಕಪ್ಪು ತೆಳುವಾಗುತ್ತಾ ಬಂತು. ಮನೆಯಲ್ಲಿ ಊದುಬತ್ತಿಯ ಕೆಲಸ ಬಿಡಿಸಿದ್ದರು. ಓದಲಿ ಎಂದು ಬಿಡಿಸಿದ್ದಾರೆ ಎಂದುಕೊಂಡೆವು.

ನಾಟಕದ ಮಧ್ಯಾಹ್ನ ಮುಂದಿನ ಚಾಪೆಯಲ್ಲಿ ಮಾಗಡಿ ಕಡೆಯ ಒಂದು ಕುಟುಂಬ ಕೂತಿತ್ತು. ಹುಡುಗಿಯ ತಾಯಿಯ ನೆಂಟರೆಂದರು. ಹುಡುಗಿ ಸೀರೆಯುಟ್ಟು ನಡೆದಳು, ಹಾಡಿದಳು, ತಟ್ಟೆ ಹಿಡಿದು ಎಲ್ಲರಿಗೂ ಹೂವು ಕೊಟ್ಟಳು. ಆ ಕುಟುಂಬದ ಹಿರಿಯ ಹೆಂಗಸು ಅವಳ ಜಡೆಯನ್ನು ಕೈಯಲ್ಲಿ ತೂಗಿ ನೋಡಿ, "ಎಲ್ಲಿ, ಅಂಗೈ ತೋರ್ಸವ್ವ" ಎಂದರು. ಎಂಥ ಅಕ್ಕರೆ ಎಂದುಕೊಂಡೆ. ಅಥವಾ ಹಾಗೆಂದುಕೊಂಡೆನೆಂದು ಈಗ ಹೇಳಿಕೊಳ್ಳುತ್ತಿದ್ದೇನೆ. ಹೆಣ್ಣು ನೋಡುವ ಶಾಸ್ತ್ರವನ್ನು ನನ್ನ ಅಕ್ಕಂದಿರಿಗಾಗಿ ನಮ್ಮ ಮನೆಯಲ್ಲೇ ಕಂಡವನು ನಾನು. ನಡೆಸಿ ನೋಡುತ್ತಾರೆ, ಹಾಡಿಸುತ್ತಾರೆ, ತಟ್ಟೆ ಹಿಡಿಸುತ್ತಾರೆ. ಅದೇ ಶಾಸ್ತ್ರ ಶಾಲೆಯ ಅಂಗಳದಲ್ಲಿ ನಡೆದಾಗ ಗುರುತು ಹತ್ತಲಿಲ್ಲ. ವಿದ್ಯೆಯ ಮಹತ್ವದ ಮೇಲೆ ಹೆಡ್ಮೇಷ್ಟ್ರು ಮಾಡಿದ ಭಾಷಣಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಆ ಕುಟುಂಬದ ಯಜಮಾನರೇ.

ಕೆಲವು ದಿನ ಕಳೆದು ತಾಯಿ ಎಲೆ ಅಡಿಕೆ, ಸಕ್ಕರೆ ಹಿಡಿದು ಬಂದರು. ಹಿಂದೆ ಮಗಳು.

"ನಿಮ್ ಇಸ್ಕೂಲಿಂದ್ಲೇ ಕೂಡ್ಬಂತು ಸ್ವಾಮಿ. ಹೋದ್ಸಲ ಬ್ಯಾರೆ ಗಂಡಿನೋರ್ನ ಮನೆಗೆ ಕರ್ಸಿದ್ವಿ. ತಿಂಡಿ ತಿಂದು, ಬ್ಯಾಡ ಅಂದು ಹೋದ್ರು. ಊರೆಲ್ಲ ಆಡ್ಕೊಂಡ್ರು. ಇವಳು ವಾರ ಬಾಗ್ಲಿಂದ ಈಚೆ ಬರ್ನಿಲ್ಲ. ಈ ಸಲ ಒಪ್ದೆ ಹೋಗಿದ್ರೂ ನಾಟ್ಕ ನೋಡಾಕ್ ಬಂದಿದ್ರು ಅಂತಿದ್ವಿ, ಅಷ್ಟೆಯಾ. ನಿಮ್ ಹೊಟ್ಟೆ ತಣ್ಗಿರ್ಲಿ."

ಆ ಮಾತಿನಲ್ಲಿ ಕಪಟವಿರಲಿಲ್ಲ. ಮಗಳು ಇನ್ನೊಮ್ಮೆ ಬೀಳದಂತೆ ಅವರೂ ತಮಗೆ ತಿಳಿದ ಉಪಾಯ ಹುಡುಕಿದ್ದರು.

"ಪರೀಕ್ಷೆ ಆದ್ಮೇಲೆ ಮದುವೆ ಇಟ್ಕೊಳ್ಳಿ ತಾಯಿ, ಕೆಲವೇ ತಿಂಗಳು" ಎಂದರು ಹೆಡ್ಮೇಷ್ಟ್ರು. ಅವರ ದನಿ ಇಳಿದಿತ್ತು.

"ಗಂಡಿನೋರು ಮಾಘದಲ್ಲೇ ಅಂದವ್ರೆ. ಹೆಣ್ಣಿನ್ ಕಡೆಯೋರು ನಾವು, ತಡೀರಿ ಅನ್ನಾಕಾಯ್ತದಾ?"

ಹುಡುಗಿ ನನ್ನ ಕಡೆ ತಿರುಗಿದಳು. "ಸಾ, ಮೀಸೆ ಇದ್ದಿದ್ರೆ ಅವ್ರು ಒಪ್ತಿರ್ಲಿಲ್ಲ ಅಲ್ವಾ?"

"ಸುಮ್ಕಿರೆ, ಬಾಯ್ಬಡ್ಕಿ" ಎಂದು ತಾಯಿ ನಕ್ಕರು. ಅವಳಿಗೆ ನಾವು ಏನಾದರೂ ಉತ್ತರ ಕೊಟ್ಟೆವೇ, ನೆನಪಿಲ್ಲ. ಸಕ್ಕರೆ ಬಾಯಿಗೆ ಹಾಕಿಕೊಂಡದ್ದು ನೆನಪಿದೆ.

ಆ ಬೇಸಗೆಯಲ್ಲಿ, ನಾಟಕದಲ್ಲಿದ್ದ ಉಳಿದ ಮಕ್ಕಳಲ್ಲಿ ಹಲವರು ಪಾಸಾದರು. ಆಳಿನ ಪಾತ್ರದವನೂ ಪಾಸಾದ. ಹೆಡ್ಮೇಷ್ಟ್ರ ಉಪಾಯ ಗೆದ್ದಿತೆಂದೇ ಹೇಳಬೇಕು. ಅವರು ಹೇಳಲಿಲ್ಲ. ಮರುವರ್ಷ ತಾಲೀಮಿಗೆಂದು ಬೆಂಚುಗಳನ್ನು ಅಂಗಳಕ್ಕೆ ತಂದಿಟ್ಟ ದಿನವೇ ಹಳ್ಳಿಯ ಕೆಲವು ತಾಯಂದಿರು ತಾವಾಗಿ ಬಂದರು, ಹೆಣ್ಣುಮಕ್ಕಳಿಗೆ ಸೀರೆಯ ಪಾತ್ರ ಕೇಳಿಕೊಂಡು. ಹೆಡ್ಮೇಷ್ಟ್ರು ಅವರನ್ನೆಲ್ಲ ಕೂರಿಸಿ, ನೀರು ಕೊಟ್ಟು, ಈ ವರ್ಷ ನಾಟಕವಿಲ್ಲ ಎಂದರು.

ಅವರು ಹೋದ ಮೇಲೆ ನಾವಿಬ್ಬರೂ ಬೆಂಚುಗಳನ್ನು ಹೊತ್ತು ಒಳಗಿಟ್ಟೆವು. ಒಂದರ ಅಂಚಿನಲ್ಲಿ ಕಪ್ಪು ಬೆರಳಿನ ಗುರುತಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಇದ್ದಿರಲಾರದು.