ಸುಧಾಬಾಯಿಯ ಪಾಸ್‌ವರ್ಡ್

ಇಂದು ಬೆಳಿಗ್ಗೆ ಆಫೀಸಿನಲ್ಲಿ ಧಾರವಾಡ ಕಡೆಯ ಹೊಸ ಹುಡುಗಿಯೊಬ್ಬಳು ನನ್ನ ಮೇಜಿನ ಮೇಲೆ ಚೀಟಿಯೊಂದನ್ನು ಇಟ್ಟಳು. "ಸರ್, ನನ್ನ ಪಾಸ್‌ವರ್ಡ್ ಇದರಾಗ ಅದ. ಸ್ಕ್ರೀನ್ ತೆರೀಲಿಕ್ಕೆ ಭಾಳ ಹೊತ್ತು ಹಿಡೀತದ, ನೀವ ಒಳಗ ಹೋಗಿ ನೋಡ್ರಿ" ಎಂದಳು. ನನಗೆ ಮೈಯೆಲ್ಲ ಉರಿಯಿತು. ಬೈದು ಕಳಿಸಿದೆ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ಡೇಟಾಬೇಸ್ ಕಾಯುವವನ ಪಾಡು ನಿಮಗೇನು ಗೊತ್ತು. ಪಾಸ್‌ವರ್ಡ್ ಯಾರಿಗೂ ತೋರಿಸಬೇಡಿ ಎಂದರೆ ಮಾನಿಟರಿಗೆ ಅಂಟಿಸಿಡುತ್ತಾರೆ. ಬದಲಿಸಿ ಎಂದು ಗೋಗರೆದರೆ ಕೊನೆಗೊಂದು ಸೊನ್ನೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಹಿಂದೆ ಊರಾಚೆ ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯಲ್ಲಿದ್ದಾಗ ಒಬ್ಬರೇ ಒಬ್ಬರು ನನ್ನ ಮಾತು ಕೇಳಿದ್ದರು. ತಪಾಸಣೆ ವಿಭಾಗದ ಸುಧಾಬಾಯಿ, ಬೆಳಗಾವಿಯವರು. ಅವರ ಸ್ಕ್ರೀನ್ ಮಾತ್ರ ವಿಪರೀತ ನಿಧಾನ. ಒಂದು ಬ್ಯಾಚ್ ಹುಡುಕಲು ಸರ್ವರ್ ಅಷ್ಟೂ ವರ್ಷದ ದಾಖಲೆ ತಡಕುತ್ತಿತ್ತು. ಕಾರಣ ತಿಳಿಯಲೆಂದು ನಾನೇ ಹೋಗಿ ಅವರ ಪಾಸ್‌ವರ್ಡ್ ಕೇಳಿದೆ.

"ಯಾರಿಗೂ ಕೊಡಬ್ಯಾಡ್ರಿ ಅಂತ ನೀವ ಹೇಳ್ತೀರಲ್ರಿ?" ಎಂದರು.

"ನನಗ ಕೊಟ್ರ ನಡೀತದ್ರಿ" ಎಂದೆ.

ಅವರು ಊಟಕ್ಕೆ ಹೋದಾಗ ನನ್ನ ಕಂಪ್ಯೂಟರಿನಿಂದ ಅವರ ಹೆಸರಲ್ಲಿ ಒಳಹೊಕ್ಕೆ. ಕಾರಣ ಸಿಕ್ಕಿತು, ಇಂಡೆಕ್ಸ್ ಹಾಕಿದೆ. ಅದು ದಪ್ಪ ಪುಸ್ತಕದ ಕೊನೆಯ ಪದಸೂಚಿ ಇದ್ದಂತೆ. ಹುಡುಕಾಟ ಚಿಟಿಕೆ ಹೊಡೆಯುವುದರಲ್ಲಿ ಮುಗಿಯಿತು. ಸೇವ್ ಕೂಡ ಬೇಗ ಆಗುತ್ತದೆಯೇ ನೋಡೋಣವೆಂದು, ದೋಷವಿದೆಯೆಂದು ಅವರು ತಡೆಹಿಡಿದಿದ್ದ ಬ್ಯಾಚಿಗೆ 'ಪಾಸ್' ಒತ್ತಿದೆ. ಬೇಗನೇ ಆಯಿತು. ಆ ಖುಷಿಯಲ್ಲಿ ಅದನ್ನು ಮೊದಲಿನಂತೆ ಮಾಡುವುದನ್ನೇ ಮರೆತೆ. ಅಷ್ಟು ಜಾಣ ನಾನು.

'ಪಾಸ್' ಆಗಿ ಹೊರಟ ಆ ಬ್ಯಾಚಿನ ಲಾರಿ ದೋಷದ ಮಾಲೆಂದು ಗಿರಾಕಿಯಿಂದ ವಾಪಸು ಬಂತು. ಯಾರು ಯಾವಾಗ ಏನು ಒತ್ತಿದರೆಂಬ ಲಾಗ್ ಅನ್ನು ಮ್ಯಾನೇಜರ್ ಕೇಳಿದರು, ತೆಗೆದುಕೊಟ್ಟವನೂ ನಾನೇ. ಅದರಲ್ಲಿ ಸುಧಾಬಾಯಿಯ ಹೆಸರಿತ್ತು. ಪಕ್ಕದ ಕಾಲಮ್ಮಿನಲ್ಲಿ ನನ್ನ ಕಂಪ್ಯೂಟರಿನ ಗುರುತೂ ಇತ್ತು, ಅದನ್ನು ಯಾರೂ ಓದಲಿಲ್ಲ. "ನಾ ಒತ್ತಿಲ್ರಿ" ಎಂದು ಅವರು ಎಲ್ಲರೆದುರು ಹೇಳಿ ನನ್ನ ಕಡೆ ನೋಡಿದರು. ನಾನು ತುಟಿಪಿಟಕ್ಕೆನ್ನಲಿಲ್ಲ. ನೌಕರಿ ಹೋದೀತೆಂಬ ಹೆದರಿಕೆ, ಮತ್ತೇನಲ್ಲ. ಅವರನ್ನು ತಪಾಸಣೆಯಿಂದ ತೆಗೆದು ಗೋದಾಮಿಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಇಷ್ಟು ಮಾಡಿದವನು ಇಂದು ಪಾಪದ ಹುಡುಗಿಗೆ ಉಪದೇಶ ಮಾಡಿದ್ದೇನೆ ನೋಡಿ. ತಡೆಯಲಾಗಲಿಲ್ಲ. ಸಂಜೆ ಇದೇ ಊರಿನ ನಿಗಡಿಯಲ್ಲಿರುವ ಸುಧಾಬಾಯಿಯ ಮನೆಗೆ ಹೋದೆ. "ಬರ್ರಿ, ಕೂಡ್ರಿ" ಎಂದರು. ನಿಂತಲ್ಲೇ ಎಲ್ಲ ಹೇಳಿದೆ.

"ಇದನ್ನ ನನಗ ಯಾಕ ಹೇಳ್ತೀರಿ? ನಾ ಒತ್ತಿಲ್ಲ ಅನ್ನೋದು ನನಗ ಗೊತ್ತೇ ಇತ್ತಲ್ರಿ. ಗೊತ್ತಾಗಬೇಕಾಗಿದ್ದು ಅವತ್ತು ಅಲ್ಲಿದ್ದವರಿಗೆ" ಎಂದರು.

ಮನೆಗೆ ಬಂದವನೇ ಆ ಮ್ಯಾನೇಜರರ ನಂಬರ್ ಹುಡುಕುತ್ತ ಕೂತಿದ್ದೇನೆ.