ಕೋಡು ಗುಡಿಸುವ ಮಹಾಂತೇಶ
ಚಿಕ್ಕಲಸಂದ್ರದ ಮಹಾಂತೇಶನಿಗೆ ಸರಿಯಾಗಿ ಓಡುತ್ತಿರುವ ಕಂಪ್ಯೂಟರ್ ಕೋಡು ಕಂಡರೆ ಕೈ ಸುಮ್ಮನಿರುವುದಿಲ್ಲ. ಹಳೆಯ ವಿಡಿಯೋ ಗೇಮುಗಳನ್ನು ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ಒಂದನ್ನು ಅವನು ಬರೆದು ವರ್ಷಗಳೇ ಆದವು. ಅಂದಿನಿಂದ ಅದನ್ನು ಗುಡಿಸುವುದೇ ಅವನ ವ್ರತ. “ಮೊದ್ಲು ಕಸ ತೆಗೀಬೇಕು ಗುರು” ಎನ್ನುತ್ತ ಮದುವೆ ಮನೆಯಲ್ಲೂ ಲ್ಯಾಪ್‌ಟಾಪ್ ಬಿಚ್ಚಿ ಕೂರುತ್ತಾನೆ, ಎಲೆ ಹಾಕಿದರೂ ಏಳುವುದಿಲ್ಲ. ಜಾಯ್‌ಸ್ಟಿಕ್ಕು, ಮೆಮೊರಿ ಕಾರ್ಡು ಎಲ್ಲದರ ಸಂಕೇತವೂ ಕೋಡಿನೊಳಕ್ಕೆ ಕಂಡಕಂಡ ಸಂದಿಯಿಂದ ನುಗ್ಗದೆ ಒಂದೇ ಬಾಗಿಲಿನಿಂದ ಒಳಗೆ ಬರಬೇಕೆಂಬುದು ಈ ಸಲದ ಹಟ. ಪ್ರತಿ ಬದಲಾವಣೆಗೂ ಪರೀಕ್ಷಕರು ಅಪ್ಪ ಗುರುಶಾಂತಪ್ಪನವರೇ. “ಒತ್ತಿ ಅಪ್ಪಾಜಿ” ಎಂದು ಉಸಿರು ಬಿಗಿಹಿಡಿದು ನಿಲ್ಲುತ್ತಾನೆ; ಆಗ ಹೆಂಡತಿ ಅಂಜನಾ ಮಿಕ್ಸಿ ಕೂಡ ಹಾಕುವಂತಿಲ್ಲ. ಈ ಭಾನುವಾರ ಅಪ್ಪ ಜಾಯ್‌ಸ್ಟಿಕ್ಕಿನ ಗುಂಡಿಯನ್ನು ಒಂದು ಸಲ ಒತ್ತಿದರೆ ಪರದೆಯ ಗೊಂಬೆ ಮೂರು ಸಲ ಹಾರಿ ಹೊಂಡಕ್ಕೆ ಬಿತ್ತು. ಮತ್ತೆ ಒತ್ತಿದರು, ಮತ್ತೆ ಬಿತ್ತು. “ಕೈ ನಡುಕ ಜಾಸ್ತಿ ಆಗಿದೆ ಕಣಪ್ಪ. ಇನ್ನು ನನ್ಗೆ ಈ ಆಟ ಬೇಡ” ಎಂದು ಅವರು ಜಾಯ್‌ಸ್ಟಿಕ್ಕನ್ನು ಮೆಲ್ಲನೆ ಕೆಳಗಿಟ್ಟರು. ಮಹಾಂತೇಶನಿಗೆ ಆಗ ನೆನಪಾಯಿತು. ನಡುಗುವ ಹೆಬ್ಬೆರಳು ಮೂರು ಸಲ ತಾಗಿದರೂ ಒಂದೇ ಎಂದು ಎಣಿಸಲಿ ಅಂತ ತಾನೇ ಎಂದೋ ಬರೆದು ಮರೆತಿದ್ದ ಸಾಲನ್ನು, ಬೆಳಿಗ್ಗೆ ಕಸವೆಂದು ಗುಡಿಸಿ ಹಾಕಿದ್ದ. ತಡಬಡಿಸಿ ಹುಡುಕಿ ಅದನ್ನು ಮತ್ತೆ ಸೇರಿಸಿದ. “ತಪ್ಪು ನಿಮ್ ಕೈದಲ್ಲ ಅಪ್ಪಾಜಿ, ನಂದು. ಇನ್ನೊಂದ್ ಸಲ ಒತ್ತಿ.” ಅವರು ಅನುಮಾನಿಸುತ್ತಲೇ ಒತ್ತಿದರು. ಬೆರಳು ನಡುಗಿತು, ಗೊಂಬೆ ಒಂದೇ ಸಲ ಹಾರಿ, ಹೊಂಡದ ಆಚೆ ನಿಂತಿತು.