ಕಿಟ್ಟಣ್ಣನ ಸಿಗಡಿ

ಚೆನ್ನೈನ ತ್ರಿಪ್ಲಿಕೇನಿನಲ್ಲಿ ನಾನು ದಿನಾ ತಿಂಡಿಗೆ ಹೋಗುವ ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು ಕಿಟ್ಟಣ್ಣ. ಅವನ ಬಾಯಿಂದ ಮಾತು ಹೊರಡಿಸುವುದು ಹಲಸಿನ ಮೇಣ ಬಿಡಿಸಿದಷ್ಟೇ ಕಷ್ಟ. ಗಿರಾಕಿ ಕಿರುಚಿದರೆ ನಗುತ್ತಾನೆ, ಇನ್ನೂ ಕಿರುಚಿದರೆ ಒಳಗೆ ನೋಡುತ್ತಾನೆ. ಆಗ ಯಜಮಾನತಿ ವಿಮಲಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬರುತ್ತಾರೆ. ಉಡುಪಿ ಕಡೆಯ ಆ ನಾಲಿಗೆಗೆ ಇಲ್ಲಿನ ಆಟೋದವರೂ ದಾರಿ ಬಿಡುತ್ತಾರೆ. ಕಿಟ್ಟಣ್ಣನಿಗೂ ದಿನಾ ಬೈಗುಳ ತಪ್ಪಿದ್ದಲ್ಲ. ಆದರೆ ಬೇರೆ ಯಾರಾದರೂ ಅವನಿಗೊಂದು ಮಾತು ಅಂದರೋ, ಅವರ ಕಥೆ ಮುಗಿಯಿತು.

ಕಳೆದ ವರ್ಷ ಕಿಟ್ಟಣ್ಣ ತನ್ನ ಪಕ್ಕದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟ. ಮೀನು ಮಾತ್ರ ಬೇಡವೇ ಬೇಡ ಎಂದು ವಿಮಲಕ್ಕನ ಕಟ್ಟಪ್ಪಣೆ. ಅದಕ್ಕೇ ಹುಡುಕಿ ಹುಡುಕಿ ಒಂದು ಅರ್ಚಿನ್ ತಂದ. ಉದ್ದುದ್ದ ಕಪ್ಪು ಮುಳ್ಳಿನ ಚೆಂಡಿನಂಥ ಕಡಲಜೀವಿ. ಪಾಲಕ್ ಸೊಪ್ಪು ಕೊಟ್ಟರೆ ತಿನ್ನುತ್ತದೆ. ಶುದ್ಧ ಸಸ್ಯಾಹಾರಿ!

ಸ್ವಲ್ಪ ದಿನದ ಮೇಲೆ ನನ್ನನ್ನು ಕರೆದು ಪಿಸುಗುಟ್ಟಿದ. "ಯಾರಿಗೂ ಹೇಳ್ಬೇಡಿ ಮಾರಾಯ್ರೆ. ಒಳಗೊಂದು ಸಿಗಡಿ ಉಂಟು."

ಕಣ್ಣು ಕಿರಿದು ಮಾಡಿ ನೋಡಿದೆ. ಕಡ್ಡಿಯಂಥ ಕಪ್ಪು ಮೈ, ಉದ್ದಕ್ಕೊಂದು ಬಿಳಿ ಗೆರೆ. ಮುಳ್ಳಿಗೆ ತಲೆಕೆಳಗಾಗಿ ಅಂಟಿಕೊಂಡಿತ್ತು. ಅರ್ಚಿನ್ ಜೊತೆ ಪುಕ್ಕಟೆ ಬಂದ ಅತಿಥಿ.

"ಮುಳ್ಳು ಚುಚ್ಚಲ್ವಾ?" ಎಂದೆ.

"ಚುಚ್ಚುದು ಹೊರಗಿನವರಿಗೆ." ಅಡುಗೆಮನೆಯ ಕಡೆ ನೋಡಿ ನಕ್ಕ. "ನಮ್ಮ ಪೈಕಿಯದ್ದೇ ಇದು."

ಮೊನ್ನೆ ಭಾನುವಾರ ಟೇಬಲ್ಲಿಗೆ ಕಾಯುತ್ತಿದ್ದ ಹಿರಿಯರೊಬ್ಬರು ತೊಟ್ಟಿಗೆ ಮೂಗು ತಾಗಿಸಿದವರೇ ಕೂಗಿಕೊಂಡರು. "ಅಯ್ಯಯ್ಯೋ, ಸೈವ ಹೋಟಲ್ಲ ಇರಾಲ್!" ಸೈವ ಅಂದರೆ ಸಸ್ಯಾಹಾರಿ, ಇರಾಲ್ ಅಂದರೆ ಸಿಗಡಿ ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ದೋಸೆಗಳು ಅರ್ಧಕ್ಕೇ ನಿಂತವು.

ವಿಮಲಕ್ಕ ಬಂದು ನೋಡಿದರು. "ಏ ಕಿಟ್ಟ, ಈಗ್ಲೇ ಅದನ್ನು ತೆಗೆದು ಬಿಸಾಡು!"

ಕಿಟ್ಟಣ್ಣ ಎದ್ದು ನಿಂತ. "ಆ ಮುಳ್ಳು ಬಿಟ್ರೆ ಅದಕ್ಕೆ ಬೇರೆ ಮನೆ ಇಲ್ಲ ಅಕ್ಕ. ಅದು ಹೋದ್ರೆ ನಾನೂ ಹೋಗ್ತೇನೆ."

ವಿಮಲಕ್ಕ ಅವನನ್ನೇ ನೋಡಿದರು. ಆಮೇಲೆ ಸೌಟಿನ ಸಮೇತ ಹಿರಿಯರ ಕಡೆ ತಿರುಗಿದರು. "ಅದು ಸಾಪ್ಪಾಡು ಇಲ್ಲೆ ಸಾರ್, ಎಂಗ ವೀಟ್ಟು ಆಳು!"

ಊಟದ ಸಾಮಾನಲ್ಲ, ನಮ್ಮ ಮನೆಯವನೇ ಎಂದ ಮೇಲೆ ಹಿರಿಯರು ತೆಪ್ಪಗೆ ಮಸಾಲೆ ದೋಸೆ ಹೇಳಿ ಕೂತರು.

ಜನ ಕರಗಿದ ಮೇಲೆ ವಿಮಲಕ್ಕ ತಾವೇ ಕಾಫಿ ತಂದು ಕಿಟ್ಟಣ್ಣನ ಮುಂದೆ ಕುಕ್ಕಿದರು. "ಇನ್ನೊಮ್ಮೆ ಹೋಗ್ತೇನೆ ಅಂದ್ರೆ ಕಾಲು ಮುರೀತೇನೆ, ಗೊತ್ತಾಯ್ತಾ?"

ಕಿಟ್ಟಣ್ಣ ಕಣ್ಣೊರಸಿಕೊಂಡು ತಲೆಯಾಡಿಸಿದ. ಕಾಫಿಗೆ ಸಕ್ಕರೆ ಎರಡರಷ್ಟು ಬಿದ್ದಿತ್ತಂತೆ.